ಗೆದ್ದ ಮೇಲಿನ ಇಪ್ಪತ್ತೆರಡು ತಿಂಗಳು

ಮಲೇಷಿಯಾ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಪೆಟ್ರೋನಾಸ್ ಗೋಪುರ, ಬಟು ಗುಹೆಯ ಮುರುಗ, ನಾಲ್ಕು ದಿನದ ಪ್ಯಾಕೇಜ್ ಟೂರು. ನನಗೆ ನೆನಪಾಗೋದು 2018ರ ಮೇ 9. ಮತದಾನಕ್ಕೆ ಬುಧವಾರವನ್ನೇ ಗೊತ್ತುಮಾಡಿದ್ದರು. ಸಿಂಗಪುರದಲ್ಲಿ ಕೆಲಸಕ್ಕಿದ್ದವರು ರಜೆ ಹಾಕಿ, ಬಸ್ ಹತ್ತಿ ಊರಿಗೆ ಬಂದು ಮತ ಹಾಕಿದರು. 1957ರಿಂದ ಕುರ್ಚಿ ಬಿಡದಿದ್ದ ಅಮ್ನೋ ಪಕ್ಷದ ಕೂಟ ಮನೆಗೆ ಹೋಯಿತು. 222 ಸ್ಥಾನಗಳಲ್ಲಿ ಪಕತಾನ್ ಹರಪಾನ್ ಕೂಟಕ್ಕೆ 113.

ಪ್ರಧಾನಿಯಾದವರು 92 ವರ್ಷದ ಮಹಾತಿರ್. 1998ರಲ್ಲಿ ತಾವೇ ಸಂಪುಟದಿಂದ ಕಿತ್ತುಹಾಕಿದ್ದ ಅನ್ವರ್ ಇಬ್ರಾಹಿಂ ಜೊತೆ ಈಗ ಕೈಜೋಡಿಸಿದ್ದರು! ಇಬ್ಬರನ್ನೂ ಒಂದು ಮಾಡಿದ್ದು 1ಎಂಡಿಬಿ ಹಗರಣ, ನಜೀಬ್ ರಜಾಕ್ ಮೇಲಿನ ಸಿಟ್ಟು. ಮೊದಲು ಮಹಾತಿರ್, ಆಮೇಲೆ ಅನ್ವರ್ ಅಂತ ಮಾತಾಗಿತ್ತು. ಯಾವ ತಾರೀಕಿಗೆ ಅನ್ನೋದು ಮಾತ್ರ ಗಟ್ಟಿಯಾಗಿರಲಿಲ್ಲ. ನನ್ನ ಪ್ರಕಾರ ಎಲ್ಲ ಎಡವಟ್ಟಿನ ಬೇರು ಅಲ್ಲೇ ಇತ್ತು.

ಲೆಕ್ಕದ ಪುಸ್ತಕ ತೆರೆದರೆ, ಖಾತರಿ ಕೊಟ್ಟ ಸಾಲವನ್ನೂ ಸೇರಿಸಿ 1 ಲಕ್ಷ ಕೋಟಿ ರಿಂಗಿಟ್ ಬಾಕಿ. ಸಾಲ ತೀರಿಸೋಕೆ ಸರ್ಕಾರ ದೇಣಿಗೆ ನಿಧಿ ತೆರೆಯಿತು, ಜನ ನಿಜಕ್ಕೂ ದುಡ್ಡು ಕೊಟ್ಟರು. ಅದೇ ಹೊತ್ತಿಗೆ, ಪ್ರಣಾಳಿಕೆಯಲ್ಲಿ ಹೇಳಿದ್ದಂತೆ ಜೂನ್ 1ರಿಂದ ಶೇ. 6ರ ಜಿಎಸ್‌ಟಿ ಸೊನ್ನೆ! ಒಂದು ಕೈಯಲ್ಲಿ ಹುಂಡಿ, ಇನ್ನೊಂದರಲ್ಲಿ ತೆರಿಗೆ ಮಾಫಿ. ಸೆಪ್ಟೆಂಬರ್‌ನಲ್ಲಿ ಹಳೆಯ ಮಾರಾಟ ತೆರಿಗೆ ವಾಪಸ್ ತಂದರೂ ಆ ಹಳ್ಳ ತುಂಬಲಿಲ್ಲ.

ಚೀನಾ ವಿಷಯದಲ್ಲಿ ಅಜ್ಜ ಪಳಗಿದ ಕೈ. ಪೂರ್ವ ಕರಾವಳಿ ರೈಲು ಯೋಜನೆಯನ್ನು ನಿಲ್ಲಿಸಿ, ಬೀಜಿಂಗಿಗೇ ಹೋಗಿ ಹೊಸ ವಸಾಹತುಶಾಹಿ ಬೇಡ ಅಂದು, 6,550 ಕೋಟಿ ರಿಂಗಿಟ್ ವೆಚ್ಚವನ್ನು 4,400 ಕೋಟಿಗೆ ಇಳಿಸಿದರು. ಭಾರತದ ಜೊತೆ ಈ ಜಾಣ್ಮೆ ಕೆಲಸಕ್ಕೆ ಬರಲಿಲ್ಲ. 2019ರಲ್ಲಿ ವಿಶ್ವಸಂಸ್ಥೆಯಲ್ಲಿ ಕಾಶ್ಮೀರದ ಬಗ್ಗೆ ಮಾತಾಡಿದರು. 2020ರ ಜನವರಿಯಲ್ಲಿ ಸಂಸ್ಕರಿಸಿದ ತಾಳೆ ಎಣ್ಣೆಯ ಆಮದಿಗೆ ದೆಹಲಿ ಕಡಿವಾಣ ಹಾಕಿತು. ನಾವು ಆಫೀಸಿನಲ್ಲಿ ಮುಕ್ಕುವ ಬಿಸ್ಕತ್ತಿನ ಎಣ್ಣೆಗೂ ರಾಜತಾಂತ್ರಿಕತೆ ಇದೆ ನೋಡಿ.

ಆದರೆ ಪೆಟ್ಟು ಬಿದ್ದದ್ದು ಒಳಗಿನಿಂದ. ಮಲಯ್ ಮತದಾರರಲ್ಲಿ ಹೆಚ್ಚಿನವರು ಈ ಕೂಟಕ್ಕೆ ಮತ ಹಾಕಿರಲಿಲ್ಲ. ಜನಾಂಗೀಯ ತಾರತಮ್ಯದ ವಿರುದ್ಧದ ವಿಶ್ವಸಂಸ್ಥೆ ಒಪ್ಪಂದಕ್ಕೆ ಸಹಿ ಹಾಕ್ತೀವಿ ಅಂದ ಸರ್ಕಾರ, ತಮ್ಮ ಮೀಸಲು ಸವಲತ್ತು ಹೋಗುತ್ತೆ ಅಂತ ಅವರು ಸಿಡಿದೆದ್ದಾಗ ಹಿಂದೆ ಸರಿಯಿತು. ಅತ್ತ ಅನ್ವರ್ ಕಾಯುತ್ತಲೇ ಇದ್ದರು. 2020ರ ಫೆಬ್ರವರಿ 24ರಂದು ಮಹಾತಿರ್ ರಾಜೀನಾಮೆ ಕೊಟ್ಟರು, ಅವರದ್ದೇ ಪಕ್ಷದ ಮುಹಿಯುದ್ದೀನ್ ಒಂದಷ್ಟು ಸಂಸದರನ್ನು ಕರೆದುಕೊಂಡು ಆಚೆ ನಡೆದರು. ಮಾರ್ಚ್ 1ಕ್ಕೆ ಮುಹಿಯುದ್ದೀನ್ ಪ್ರಧಾನಿ. ಜನ ಸೋಲಿಸಿದ್ದ ಅಮ್ನೋ ಮತ್ತೆ ಸಂಪುಟದಲ್ಲಿ. ರಜೆ ಹಾಕಿ ಬಸ್ ಹತ್ತಿ ಬಂದವರನ್ನು ಈ ಸಲ ಯಾರೂ ಕೇಳಲಿಲ್ಲ.