ಮದ್ದಿನ ಅಳತೆ, ಕೋವಿಯ ಆಯಸ್ಸು

ಕನ್ನಡದಲ್ಲಿ ‘ಮದ್ದು’ ಎಂದರೆ ಔಷಧ. ಕೋವಿಗೆ ತುಂಬುವ ಪುಡಿಯೂ ಮದ್ದೇ. ಪ್ರಮಾಣ ಮೀರಿದರೆ ಎರಡೂ ಅಪಾಯಕಾರಿ. ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆ ಕೋಶಕ್ಕೆ ಮನೆಯಲ್ಲೇ ಮತ್ತೆ ಮದ್ದು ತುಂಬಿ ಬಳಸುವ ಹವ್ಯಾಸ ಅಮೆರಿಕದಲ್ಲಿ ನೂರು ವರ್ಷಕ್ಕೂ ಹಳೆಯದು. ಅದರ ಚರಿತ್ರೆ ಬಹುಪಾಲು ಅಳತೆಯ ಚರಿತ್ರೆಯೇ ಆಗಿದೆ.

ಮದ್ದನ್ನು ಮೊದಲೇ ಅಳೆದಿಡುವ ಉಪಾಯ ಇನ್ನೂ ಹಿಂದಿನದು. 17ನೇ ಶತಮಾನದ ಯೂರೋಪಿನ ಬತ್ತಿಕೋವಿ ಸಿಪಾಯಿ ಎದೆಗೆ ಅಡ್ಡಲಾಗಿ ತೊಡುತ್ತಿದ್ದ ಪಟ್ಟಿಯಲ್ಲಿ ಮರದ ಪುಟ್ಟ ಕುಪ್ಪಿಗಳು ತೂಗಾಡುತ್ತಿದ್ದವು. ಒಂದೊಂದರಲ್ಲೂ ಒಂದೊಂದು ಈಡಿಗೆ ಬೇಕಾದಷ್ಟೇ ಮದ್ದು. ಮುಂದೆ ಕುಪ್ಪಿಯ ಜಾಗಕ್ಕೆ ಕಾಗದದ ಸುರುಳಿ ಬಂತು. 1857ರ ದಂಗೆಗೆ ಕಿಡಿಯಾದ ಎನ್‌ಫೀಲ್ಡ್ ತೋಟಾ ಇದೇ ಬಗೆಯದು. ಅದಕ್ಕೆ ಸವರಿದ್ದ ಕೊಬ್ಬಿನ ಕಥೆ ಎಲ್ಲರಿಗೂ ಗೊತ್ತು. ಒಳಗೆ ಎರಡೂವರೆ ಡ್ರಾಂ, ಅಂದರೆ ಸುಮಾರು 68 ಗ್ರೇನ್ ಮದ್ದು ಅಳೆದಿಟ್ಟಿರುತ್ತಿತ್ತು. ಒಂದು ಗ್ರೇನ್ ಎಂದರೆ 65 ಮಿಲಿಗ್ರಾಂಗೂ ತುಸು ಕಡಿಮೆ. ನಮ್ಮ ಅಕ್ಕಸಾಲಿಗರ ಗುಲಗಂಜಿ ಅದರ ಹತ್ತಿರ ಹತ್ತಿರ ಎರಡರಷ್ಟು.

ಲೋಹದ ತೋಟಾ ಬಂದ ಮೇಲೆ ಅಳತೆ ಹೆಸರಿನಲ್ಲೇ ಸೇರಿಕೊಂಡಿತು. ಅಮೆರಿಕದ ಸೇನೆ 1873ರಲ್ಲಿ ಅಳವಡಿಸಿಕೊಂಡ ‘45-70’ ತೋಟಾದ ಮೊದಲ ಅಂಕಿ ಗುಂಡಿನ ಅಡ್ಡಳತೆ, ಎರಡನೆಯದು ಮದ್ದಿನ ತೂಕ. ಖಾಲಿ ಕೋಶವನ್ನು ಮರಳಿ ತುಂಬಿದರೆ ಹಣ ಉಳಿಯುತ್ತದೆಂದು ಗಡಿ ಠಾಣೆಗಳಿಗೆ ಸೇನೆಯೇ ಸಲಕರಣೆ ಒದಗಿಸಿತು. 1884ರಲ್ಲಿ ಜಾನ್ ಬಾರ್ಲೋ ‘ಐಡಿಯಲ್’ ಹೆಸರಿನ ಕೈಸಲಕರಣೆಗಳನ್ನು ಮಾರತೊಡಗಿದ. ಬೇಟೆಗಾರರೂ ರೈತರೂ ಅಡುಗೆಮನೆಯ ಮೇಜಿನ ಮೇಲೆ ತೋಟಾ ತುಂಬುವುದು ಸಾಧ್ಯವಾಯಿತು.

ಆಗಿನ ಮದ್ದು ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಕರಿಮದ್ದು. ಅದನ್ನು ತೂಗುವ ಗೋಜಿರಲಿಲ್ಲ. ಪುಟ್ಟ ಅಳತೆಯ ಬಟ್ಟಲಲ್ಲಿ ಮೊಗೆದು ಸುರಿದರೆ ಸಾಕು. ಕೋಶದ ತುಂಬ ಹಾಕಿ ಗುಂಡು ಕೂರಿಸುವುದೇ ರೂಢಿ. ಎರಡು ಪಾಲು ಹಾಕೋಣವೆಂದರೂ ಒಳಗೆ ಜಾಗವಿರುತ್ತಿರಲಿಲ್ಲ. ಗಟ್ಟಿ ಕೋವಿಯಲ್ಲಿ ಅಳತೆಯ ಸಣ್ಣಪುಟ್ಟ ಏರುಪೇರು ನಡೆದುಹೋಗುತ್ತಿತ್ತು.

ಈ ನೆಮ್ಮದಿ ಕೆಟ್ಟದ್ದು 1884ರಲ್ಲಿ. ಫ್ರಾನ್ಸಿನ ಪಾಲ್ ವಿಯೇಲ್ ಹೊಗೆರಹಿತ ಮದ್ದನ್ನು ಕಂಡುಹಿಡಿದ. ಅದರ ಬಲ ಕರಿಮದ್ದಿನ ಸುಮಾರು ಮೂರರಷ್ಟು. ಅದರ ಸ್ವಭಾವವೂ ಬೇರೆ. ಒತ್ತಡ ಏರಿದಂತೆ ಅದು ಇನ್ನಷ್ಟು ವೇಗವಾಗಿ ಉರಿಯುತ್ತದೆ. ಆ ಉರಿಯಿಂದ ಒತ್ತಡ ಮತ್ತಷ್ಟು ಏರುತ್ತದೆ. ಕೋವಿಯ ಉಕ್ಕು ಸೀಳುವುದಕ್ಕೆ ಕ್ಷಣವೂ ಬೇಡ. ಕೈಬೆರಳು, ಕಣ್ಣು ಹೋಗುವುದು ಆಗಲೇ.

ಮದ್ದು ಬದಲಾದರೂ ಕೈಯ ರೂಢಿ ಬದಲಾಗಲಿಲ್ಲ. ಹಳೆಯ ಬಟ್ಟಲು ವ್ಯರ್ಥವಾಗಬಾರದೆಂದು ಕೆಲವು ತಯಾರಕರು ಕರಿಮದ್ದಿನಷ್ಟೇ ಜಾಗ ಹಿಡಿಯುವ ಹಗುರ ಹೊಗೆರಹಿತ ಮದ್ದನ್ನು ಮಾಡಿದರು. ಇನ್ನು ಕೆಲವರದು ಸಾಂದ್ರ ಮದ್ದು. ಅದನ್ನು ತೂಗಿಯೇ ಹಾಕಬೇಕು. ಎರಡೂ ‘ಹೊಗೆರಹಿತ’ವೇ. ಸಾಂದ್ರ ಮದ್ದನ್ನು ಹಳೆಯ ಬಟ್ಟಲಲ್ಲಿ ಮೊಗೆದವನ ಕೋವಿ ಸಿಡಿಯಿತು. ಜೊತೆಗೆ ಇನ್ನೊಂದು ಗಂಡಾಂತರ: ಹೊಸ ಮದ್ದು ಹಲವು ಕೋಶಗಳ ತಳವನ್ನಷ್ಟೇ ತುಂಬುತ್ತದೆ. ಮರೆತು ಎರಡು ಸಲ ಸುರಿದರೂ ಗುಂಡು ಸಲೀಸಾಗಿ ಕೂರುತ್ತದೆ. ಮದ್ದು ತೀರ ಕಡಿಮೆಯಾದರೂ ಕಷ್ಟವೇ. ಗುಂಡು ನಳಿಗೆಯಲ್ಲಿ ಸಿಕ್ಕಿಕೊಂಡು ಮುಂದಿನ ಈಡಿಗೆ ನಳಿಗೆಯೇ ಉಬ್ಬುತ್ತದೆ.

ಇಂದಿನ ಹವ್ಯಾಸಿಗಳ ಕಟ್ಟುಪಾಡುಗಳ ಹಿಂದೆ ಈ ಅನುಭವವಿದೆ. ಮೇಜಿನ ಮೇಲೆ ಒಂದೇ ಬಗೆಯ ಮದ್ದು. ತಕ್ಕಡಿಗೆ ಆಗಾಗ ಖಚಿತ ತೂಕದ ಬಟ್ಟಿನಿಂದ ಪರೀಕ್ಷೆ. ತಯಾರಕರ ಕೈಪಿಡಿಯಲ್ಲಿ ಹೇಳಿದ ಆರಂಭದ ತೂಕದಿಂದ ಹಂತಹಂತವಾಗಿ ಏರಿಕೆ. ಗುಂಡು ಕೂರಿಸುವ ಮೊದಲು ದೀಪದ ಬೆಳಕಿನಲ್ಲಿ ಪ್ರತಿ ಕೋಶದೊಳಗೂ ಇಣುಕಿ ನೋಡುವುದು. ಒತ್ತಡದ ಮಿತಿಗಳನ್ನು ಗೊತ್ತುಮಾಡಲು ಅಮೆರಿಕದ ತಯಾರಕರು 1926ರಲ್ಲಿ ಒಂದು ಸಂಸ್ಥೆಯನ್ನೇ ಕಟ್ಟಿಕೊಂಡರು. ಭಾರತದಲ್ಲಾದರೋ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವಂತಿಲ್ಲ.

ಹಳೆಯ ಅಳತೆ ಮಾತ್ರ ಪೂರ್ತಿ ಅಳಿದಿಲ್ಲ. ಅಮೆರಿಕದ ಚರೆ ತೋಟಾಗಳ ಹಲವು ಪೆಟ್ಟಿಗೆಗಳ ಮೇಲೆ ಇಂದಿಗೂ ‘ಇಷ್ಟು ಡ್ರಾಂಗೆ ಸಮ’ ಎಂದು ಅಚ್ಚಾಗಿರುತ್ತದೆ. ಅಷ್ಟು ಕರಿಮದ್ದು ಹಾಕಿದರೆ ಚರೆಗೆ ಎಷ್ಟು ವೇಗ ಬರುತ್ತಿತ್ತೋ ಅಷ್ಟು ವೇಗ ಎಂದು ಮಾತ್ರ ಅದರ ಅರ್ಥ. ಒಳಗಿರುವ ಮದ್ದಿನ ತೂಕ ಅದಲ್ಲ. ಅದೇ ತೂಕದ ಹೊಗೆರಹಿತ ಮದ್ದನ್ನು ತುಂಬಿದವನ ಕೋವಿಗೆ ಅದೇ ಕೊನೆಯ ಈಡು.