ಒಣಗಿದ ಗಿಡಕ್ಕೊಂದು ಕಾಗದದ ಮನೆ

ನವಿಲುಗರಿಯನ್ನು ಪುಸ್ತಕದ ಹಾಳೆಗಳ ನಡುವೆ ಇರಿಸಿ, ಅದು ಮರಿಹಾಕುವುದೆಂದು ದಿನದಿನವೂ ತೆರೆದು ನೋಡುವುದು ನಮ್ಮ ನಾಡಿನ ಬಾಲಕರ ಹಳೆಯ ವಿನೋದವು. ಅರಳಿಯ ಎಲೆಯೂ ಕೇದಗೆಯ ಎಸಳೂ ಹೀಗೆಯೇ ಪುಸ್ತಕಗಳಲ್ಲಿ ಆಶ್ರಯ ಪಡೆದಿರುವುವು. ಮರಿಯಂತೂ ಹುಟ್ಟದು, ಆದರೆ ಸುಕುಮಾರವಾದ ವಸ್ತುವು ಕಾಗದದ ಒತ್ತಿನಲ್ಲಿ ಬಹುಕಾಲ ಉಳಿಯುವುದೆಂಬ ತಿಳಿವು ಆ ಆಟದಲ್ಲಿ ಅಡಗಿದೆ. ಇಂತಹ ತಿಳಿವಿನಿಂದಲೇ ಯೂರೋಪ್ ಖಂಡದಲ್ಲಿ ಸಸ್ಯಶಾಸ್ತ್ರಕ್ಕೆ ಅತ್ಯಗತ್ಯವಾದ ಒಂದು ಉಪಕರಣವು ಹುಟ್ಟಿತು.

ಇಟಲಿ ದೇಶದ ಬೊಲೊನ್ಯಾ, ಪಿಸಾ ನಗರಗಳಲ್ಲಿ ಉಪಾಧ್ಯಾಯನಾಗಿದ್ದು 1556ರಲ್ಲಿ ತೀರಿಕೊಂಡ ಲೂಕಾ ಗೀನಿ ಎಂಬ ವೈದ್ಯನು ಗಿಡಗಳನ್ನು ಕಾಗದಗಳ ನಡುವೆ ಒತ್ತಿ ಒಣಗಿಸಿ, ಹಾಳೆಗೆ ಅಂಟಿಸುವ ಕ್ರಮವನ್ನು ಶಿಷ್ಯರಿಗೆ ಕಲಿಸಿದನು. ಆ ಶೀತದೇಶದಲ್ಲಿ ಚಳಿಗಾಲ ಬಂದಿತೆಂದರೆ ತೋಟವು ಬರಿದು, ಪಾಠಕ್ಕೆ ಗಿಡವೆಲ್ಲಿಯದು? ಆದುದರಿಂದಲೇ ಇಂತಹ ಸಂಗ್ರಹಕ್ಕೆ ‘ಒಣತೋಟ’, ‘ಚಳಿಗಾಲದ ತೋಟ’ ಎಂಬ ಹೆಸರುಗಳು ಬಂದುವು. ಗೀನಿಯ ಸ್ವಂತ ಸಂಗ್ರಹವು ಉಳಿಯಲಿಲ್ಲ. ಅವನ ಶಿಷ್ಯನಾದ ಚೆಸಾಲ್ಪೀನೋ 1563ರಲ್ಲಿ ಸಿದ್ಧಪಡಿಸಿದ ಸಂಗ್ರಹವು ಮಾತ್ರ ಫ್ಲಾರೆನ್ಸ್ ನಗರದಲ್ಲಿ ಇಂದಿಗೂ ಇದೆ.

ಈ ಮೊದಲಿನ ಸಂಗ್ರಹಗಳು ಸಾಮಾನ್ಯವಾಗಿ ರಟ್ಟು ಹಾಕಿ ಹೊಲಿದ ಪುಸ್ತಕಗಳು. ನೋಡಲು ಸೊಗಸು, ಆದರೆ ಒಂದು ದೊಡ್ಡ ತೊಡಕು. ಹತ್ತನೆಯ ಪುಟದ ಗಿಡವು ವಾಸ್ತವವಾಗಿ ಇನ್ನೂರನೆಯ ಪುಟದ ಗಿಡದ ಸೋದರನೆಂದು ತಿಳಿದುಬಂದರೆ ಮಾಡುವುದೇನು? ಹೊಸದೊಂದು ಗಿಡವು ಸಮುದ್ರ ದಾಟಿ ಬಂದರೆ ಅದನ್ನು ಎಲ್ಲಿ ಸೇರಿಸುವುದು? ನಮ್ಮ ಓಲೆಗರಿಯ ಕಟ್ಟಿನಲ್ಲಾದರೋ ದಾರವನ್ನು ಬಿಚ್ಚಿ ಒಂದು ಗರಿಯನ್ನು ಸೇರಿಸಬಹುದು. ಹೊಲಿದ ಪುಸ್ತಕದಲ್ಲಿ ಆ ಸೌಕರ್ಯವಿಲ್ಲ. ಲಂಡನ್ ನಗರದ ಸರ್ ಹ್ಯಾನ್ಸ್ ಸ್ಲೋನನು ಕೂಡಿಸಿದ ಸಂಗ್ರಹವು 265 ಸಂಪುಟಗಳಷ್ಟು ಬೆಳೆಯಿತು. ಅದರಲ್ಲಿ ಗಿಡವನ್ನು ಹುಡುಕುವ ಸಲುವಾಗಿ ಅವನು ಜಾನ್ ರೇ ಎಂಬ ಪಂಡಿತನ ಸಸ್ಯಗ್ರಂಥದ ಅಂಚುಗಳಲ್ಲಿ ಸಂಪುಟದ ಮತ್ತು ಪುಟದ ಅಂಕಗಳನ್ನು ಬರೆಯಿಸಬೇಕಾಯಿತು. ಒಂದು ಗ್ರಂಥಕ್ಕೆ ಮತ್ತೊಂದು ಗ್ರಂಥವೇ ಬೀಗದ ಕೈ!

ಸ್ಲೋನನು 1753ರಲ್ಲಿ ಕಾಲವಾದನು. ಅದಕ್ಕೆ ಎರಡು ವರ್ಷ ಮೊದಲೇ, ಸ್ವೀಡನ್ ದೇಶದ ಲಿನ್ನೇಯಸನು ತನ್ನ ಶಾಸ್ತ್ರಗ್ರಂಥವೊಂದರಲ್ಲಿ ಬೇರೊಂದು ವಿಧಿಯನ್ನು ಹೇಳಿದ್ದನು. ಹಾಳೆಗೆ ಒಂದೇ ಗಿಡ, ಹಾಳೆಗಳನ್ನು ಹೊಲಿಯಕೂಡದು, ಅವನ್ನು ಎತ್ತರವಾದ ಬೀರುವಿನ ಖಾನೆಗಳಲ್ಲಿ ವರ್ಗಾನುಸಾರ ಇಡತಕ್ಕದ್ದು. ಕೇಳುವುದಕ್ಕೆ ಅಲ್ಪವೆನಿಸುವ ಈ ಮಾರ್ಪಾಟಿನ ಫಲವು ಅಲ್ಪವಲ್ಲ. ಅಭಿಪ್ರಾಯವು ಬದಲಾದರೆ ಹಾಳೆಯ ಸ್ಥಾನವೂ ಬದಲಾಗಬಹುದು. ತಪ್ಪನ್ನು ತಿದ್ದಿಕೊಳ್ಳಲು ಅವಕಾಶ ಕೊಡುವ ಕಪಾಟನ್ನು ಅವನು ಕಟ್ಟಿದನು. ಆದರೂ ಗಿಡವು ದೊರೆತ ಸ್ಥಳವನ್ನೂ ದಿನವನ್ನೂ ಹಾಳೆಯ ಮೇಲೆ ಬರೆಯುವುದರಲ್ಲಿ ಆ ಮಹಾಪಂಡಿತನು ಬಹಳ ಉದಾಸೀನನಾಗಿದ್ದನು. ಎರಡು ಸಾಲು ಬರೆಯದಿದ್ದುದರ ದಂಡವನ್ನು ಮುಂದಿನವರು ಇಂದಿಗೂ ತೆರುತ್ತಿದ್ದಾರೆ.

ಗಿಡವೇನೋ ಹಾಳೆಗೆ ಅಂಟಿತು. ಉದುರುವ ಬೀಜ, ಕಳಚಿದ ದಳ, ಸಾಸಿವೆಗಿಂತ ಸಣ್ಣದಾದ ಕಾಯಿ, ಇವುಗಳ ಗತಿಯೇನು? ಅವಕ್ಕಾಗಿ ಕಾಗದದ ಪೊಟ್ಟಣವು ಬಳಕೆಗೆ ಬಂದಿತು. ಆಯತಾಕಾರದ ತೆಳುಕಾಗದದ ಕೆಳಗಿನ ಅಂಚನ್ನು ಮೇಲಕ್ಕೆ ಮಡಿಸಿ, ಮೇಲುಗಡೆ ಒಂದು ಪಟ್ಟಿಯಷ್ಟನ್ನು ಬಿಡುವುದು. ಎರಡು ಪಕ್ಕಗಳನ್ನೂ ಹಿಂದಕ್ಕೆ ಮಡಿಸುವುದು. ಉಳಿದ ಪಟ್ಟಿಯನ್ನು ಬಾಯಿಯ ಮೇಲೆ ಮುಚ್ಚುವುದು. ಪೊಟ್ಟಣದ ಬೆನ್ನಿಗೆ ಮಾತ್ರ ಅಂಟು ಹಚ್ಚಿ ಹಾಳೆಗೆ ಕೂಡಿಸುವರು. ಒಳಗಿನ ವಸ್ತುವಿಗೆ ಅಂಟು ಸೋಕುವುದಿಲ್ಲ, ಪಕ್ಕಗಳಿಂದ ಬೀಜ ಜಾರುವುದಿಲ್ಲ, ಬೇಕಾದಾಗ ತೆರೆದು ಭೂತಗನ್ನಡಿಯಿಂದ ನೋಡಿ ಮತ್ತೆ ಮುಚ್ಚಬಹುದು. ಹಾವಸೆಯಂತಹ ಸಣ್ಣ ಸಸ್ಯಗಳಿಗಾದರೋ ಇಂತಹ ಪೊಟ್ಟಣವೇ ಸಂಪೂರ್ಣ ಮನೆ. ದಿನಸಿಯಂಗಡಿಯವನು ಏಲಕ್ಕಿ ಕಟ್ಟಿಕೊಡುವ ಜಾಣ್ಮೆಗೂ ಇದಕ್ಕೂ ಹೆಚ್ಚು ದೂರವಿಲ್ಲ.

ಲಿನ್ನೇಯಸನು 1778ರಲ್ಲಿ ಮೃತನಾದನು. ಅವನ ಸಂಗ್ರಹವನ್ನು 1784ರಲ್ಲಿ ಜೇಮ್ಸ್ ಎಡ್ವರ್ಡ್ ಸ್ಮಿತ್ ಎಂಬ ಇಪ್ಪತ್ತನಾಲ್ಕು ವರ್ಷದ ಇಂಗ್ಲಿಷ್ ತರುಣನು ಸಾವಿರ ಗಿನಿಗಳಿಗೆ ಕೊಂಡು ಲಂಡನ್ನಿಗೆ ತರಿಸಿದನು. ಸ್ವೀಡನ್ನಿನ ರಾಜನು ಅದನ್ನು ಹಿಂದಕ್ಕೆ ತರಲು ಯುದ್ಧನೌಕೆಯನ್ನಟ್ಟಿದನೆಂಬ ಕಥೆಯು ಕಥೆಯೇ ಸರಿ. 1829ರಲ್ಲಿ ಲಿನ್ನೇಯನ್ ಸಂಘವು ಆ ಸಂಗ್ರಹವನ್ನು ಕೊಂಡಿತು. ಇಂದಿಗೂ ಅದು ಆ ಸಂಘದ ವಶದಲ್ಲಿಯೇ ಇದೆ.

ಇಷ್ಟು ಕಾಲ ಆ ಹಾಳೆಗಳು ಬಾಳಿದುದಕ್ಕೆ ಕಾಗದದ ಗುಣವೂ ಕಾರಣವು. ಆ ಕಾಲದ ಕಾಗದವು ಬಟ್ಟೆಯ ಚಿಂದಿಯನ್ನು ಕುಟ್ಟಿ, ಕೈಯಿಂದ ಜಾಲರಿಯ ಮೇಲೆ ಎತ್ತಿ, ತೊಗಲಿನ ಅಂಟಿನ ನೀರಿನಲ್ಲಿ ಅದ್ದಿ ಮಾಡಿದುದು. ಹತ್ತೊಂಬತ್ತನೆಯ ಶತಮಾನದಲ್ಲಿ ಯಂತ್ರವೂ ರಾಳ ಮತ್ತು ಪಟಿಕಗಳ ಲೇಪವೂ, ಕಡೆಗೆ ಮರದ ತಿರುಳೂ ಬಂದು ಕಾಗದವು ಅಗ್ಗವಾಯಿತು. ಅದರೊಡನೆ ಆಮ್ಲವೂ ಒಳಹೊಕ್ಕಿತು. ಹೀಗಾಗಿ ಮುತ್ತಜ್ಜನ ಹಾಳೆಯು ಗಟ್ಟಿಯಾಗಿರುವಾಗ ಮೊಮ್ಮಗನ ಹಾಳೆಯು ಕಂದಿ ಪುಡಿಯಾಗುವುದುಂಟು. ಅಂತಹ ಮುರುಕು ಹಾಳೆಗಳಿಂದ ಗಿಡಗಳನ್ನು ಮೆಲ್ಲನೆ ಬಿಡಿಸಿ, ಹತ್ತಿಯ ನಾರಿನಿಂದ ಮಾಡಿದ ಆಮ್ಲರಹಿತವಾದ ಕಾಗದದ ಮೇಲೆ ಈಗ ಮತ್ತೆ ಕೂಡಿಸುತ್ತಿದ್ದಾರೆ.