ದೊಡ್ಡಪ್ಪ ಬಿಟ್ಟುಹೋದ ಬಂಡಿ

ಬಾಣಭಟ್ಟ ತನ್ನ ಕಾದಂಬರಿಯನ್ನು ಮುಗಿಸಲಿಲ್ಲ. ಕಥೆ ನಡುದಾರಿಯಲ್ಲಿರುವಾಗಲೇ ತೀರಿಕೊಂಡ. ಉಳಿದುದನ್ನು ಬರೆದು ಪೂರೈಸಿದವನು ಅವನ ಮಗ. ಅವನನ್ನು ಭೂಷಣನೆಂದೂ ಪುಳಿಂದನೆಂದೂ ಕರೆಯುತ್ತಾರೆ. ತಾನು ಈ ಕೆಲಸಕ್ಕೆ ಕೈಯಿಕ್ಕಿದ್ದು ಕವಿಯೆಂಬ ಹೆಮ್ಮೆಯಿಂದಲ್ಲ, ಕಥೆ ನಿಂತುಹೋಯಿತಲ್ಲಾ ಎಂದು ಸಜ್ಜನರು ಪಡುತ್ತಿದ್ದ ದುಃಖವನ್ನು ಕಂಡು ಎಂದು ಆತ ಉತ್ತರಭಾಗದ ಮೊದಲಿನಲ್ಲಿ ಅರಿಕೆ ಮಾಡಿಕೊಂಡಿದ್ದಾನೆ. ನಾಗವರ್ಮನ ಕರ್ಣಾಟಕ ಕಾದಂಬರಿಯನ್ನು ಎಂ.ಎ. ತರಗತಿಗೆ ಪಾಠ ಹೇಳುವಾಗಲೆಲ್ಲ ನಾನು ಈ ಮಗನ ಮಾತನ್ನು ಎತ್ತುತ್ತಿದ್ದೆ; ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು. ಆ ಮಾತಿನ ಭಾರ ನನಗೆ ತಿಳಿದದ್ದು ಮಾತ್ರ ತರಗತಿಯಲ್ಲಲ್ಲ. 2023ರ ಬೇಸಿಗೆಯಲ್ಲಿ, ಕ್ಯಾಲಿಫೋರ್ನಿಯದ ಒಂದು ಮೋಟಾರು ಷೆಡ್ಡಿನಲ್ಲಿ.

ನನ್ನ ಕಿರಿಯ ಮಗಳ ಮನೆ ಲಾಸ್ ಏಂಜಲಿಸಿಗೆ ಪೂರ್ವದಲ್ಲಿರುವ ಸ್ಯಾನ್ ಬರ್ನಾರ್ಡಿನೋ ಊರಿನಲ್ಲಿದೆ. ಅಳಿಯ ಆ ಸೀಮೆಯವನೇ. ಮಗಳು ಕಲಿಸಿಕೊಟ್ಟಿರುವ ಹತ್ತಾರು ಕನ್ನಡ ಶಬ್ದಗಳಲ್ಲಿ ‘ಮಾವ’ ಎಂಬುದೊಂದನ್ನು ಸರಿಯಾಗಿ ಉಚ್ಚರಿಸುತ್ತಾನೆ. ಅವನ ದೊಡ್ಡಪ್ಪ 2021ರಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಮನೆ ಹೆಂಡತಿಗೆ, ಷೆಡ್ಡಿನಲ್ಲಿರುವ ಕಾರು ತಮ್ಮನ ಮಗನಿಗೆ ಎಂದು ಬರೆದಿಟ್ಟು ಹೋಗಿದ್ದರು. ಕಾರು ಎಂದೆನಾದರೂ, ನಾನು ಮೊದಲು ನೋಡಿದಾಗ ಅದು ಕಾರಾಗಿರಲಿಲ್ಲ. 1931ರ ಫೋರ್ಡ್ ‘ಮಾಡೆಲ್ ಎ’ ಗಾಡಿಯ ಮೇಲೊಡಲು, ಅದರ ಕೆಳಗೆ 1932ರ ಫೋರ್ಡಿನ ಛಾಸಿ, ಪಕ್ಕದ ಬೆಂಚಿನ ಮೇಲೆ 1949ರ ಮರ್ಕ್ಯುರಿ ಗಾಡಿಯಿಂದ ಕಿತ್ತ ಎಂಟು ಸಿಲಿಂಡರಿನ ಎಂಜಿನ್. ಎಲ್ಲದರ ಮೇಲೂ ಅರುವತ್ತು ವರ್ಷದ ಧೂಳು. ದೊಡ್ಡಪ್ಪ ಹದಿನೆಂಟರ ಹುಡುಗನಾಗಿದ್ದಾಗ, 1956ರಲ್ಲಿ, ಇದನ್ನು ಕೊಂಡರಂತೆ. 1963ರಲ್ಲಿ ಮದುವೆಯಾಯಿತು. ಆಮೇಲೆ ಟಾರ್ಪಾಲು ಹೊದಿಸಿದ್ದು ತೆಗೆಯಲೇ ಇಲ್ಲ.

ಇಂಥ ಗಾಡಿಗೆ ಅಮೆರಿಕದಲ್ಲಿ ‘ಹಾಟ್ ರಾಡ್’ ಎಂದು ಹೆಸರು. ಹೆಸರು ಎಲ್ಲಿಂದ ಬಂತೆಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ‘ಹಾಟ್ ರೋಡ್‌ಸ್ಟರ್’ ಎಂಬುದು ಸವೆದು ಹೀಗಾಯಿತೆನ್ನುವವರು ಕೆಲವರು, ಎಂಜಿನ್ನಿನೊಳಗಿನ ಸರಳಿನಿಂದ ಬಂತೆನ್ನುವವರು ಕೆಲವರು. ಹೆಸರು ಬಳಕೆಗೆ ಬಂದದ್ದು ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ. ವಸ್ತು ಅದಕ್ಕಿಂತ ಹಳೆಯದು. ಹೆನ್ರಿ ಫೋರ್ಡ್ 1908ರಿಂದ 1927ರವರೆಗೆ ‘ಮಾಡೆಲ್ ಟಿ’ ಗಾಡಿಗಳನ್ನು ಒಂದೂವರೆ ಕೋಟಿಯಷ್ಟು ಮಾಡಿ ಸುರಿದ. ಅನಂತರ 1931ರವರೆಗೆ ನಲವತ್ತು ಅಶ್ವಶಕ್ತಿಯ ‘ಮಾಡೆಲ್ ಎ’ ಬಂತು. ಇಷ್ಟು ಗಾಡಿಗಳು ಹುಟ್ಟಿದ ಮೇಲೆ ಅವು ಹಳತಾಗಿ ಗುಜರಿ ಸೇರಲೇಬೇಕಲ್ಲ. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಹೊಸ ಗಾಡಿಯ ಕನಸನ್ನೂ ಕಾಣಲಾರದ ಹುಡುಗರು ಕೆಲವೇ ಡಾಲರು ಕೊಟ್ಟು ಗುಜರಿಯಿಂದ ಒಂದನ್ನು ಎಳೆದುತಂದು, ಮಡ್‌ಗಾರ್ಡು ಬಿಚ್ಚಿ, ಬಾನೆಟ್ಟು ಬಿಚ್ಚಿ, ಭಾರವೆನಿಸಿದ್ದನ್ನೆಲ್ಲ ಬಿಚ್ಚಿ ಓಡಿಸಿದರು. ಅಲಂಕಾರಕ್ಕಾಗಿ ಬಿಚ್ಚಿದ್ದಲ್ಲ, ವೇಗಕ್ಕಾಗಿ. ಅದೇ ಮುಂದೆ ಅಲಂಕಾರವಾಯಿತು. ಕಾವ್ಯದ ಚರಿತ್ರೆಯನ್ನು ಓದಿದವರಿಗೆ ಇದು ಹೊಸ ಸಂಗತಿಯೇನಲ್ಲ.

ಓಡಿಸಲು ಅವರಿಗೆ ಪ್ರಕೃತಿಯೇ ಅಂಗಳ ಹಾಸಿಟ್ಟಿತ್ತು. ಲಾಸ್ ಏಂಜಲಿಸಿನ ಉತ್ತರಕ್ಕೆ ಬೆಟ್ಟ ದಾಟಿದರೆ ಮೊಹಾವೆ ಮರುಭೂಮಿ. ಅಲ್ಲಿ ಮಳೆಗಾಲದ ತೆಳುನೀರು ನಿಂತು ಆರಿ, ಜೇಡಿಮಣ್ಣು ಗಟ್ಟಿಯಾಗಿ, ಸಗಣಿ ಸಾರಿಸಿದ ಕಣದಂತೆ ಮೈಲಿಗಟ್ಟಲೆ ಸಮತಟ್ಟಾಗಿ ಹರಡಿದ ಒಣಕೆರೆಗಳಿವೆ. ಅವುಗಳಲ್ಲಿ ಹೆಸರಾದದ್ದು ಮ್ಯೂರಾಕ್. ಈ ಹೆಸರಿನ ಕಥೆಯನ್ನು ಹೇಳದೆ ಮುಂದಕ್ಕೆ ಹೋಗಲು ಮನಸ್ಸಾಗದು. ಅಲ್ಲಿ ಮೊದಲು ನೆಲೆಸಿದ್ದು ಕೋರಮ್ ಎಂಬ ಮನೆತನ. ಅಂಚೆ ಕಚೇರಿಗೆ ಆ ಹೆಸರಿಡಲು ತೊಡಕು ಬಂದಾಗ ಅದರ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಬರೆದು ಮ್ಯೂರಾಕ್ ಎಂದರು. ನಮ್ಮ ಆಲಂಕಾರಿಕರ ಗತಪ್ರತ್ಯಾಗತ ಮೊಹಾವೆಯ ಮರಳಿನಲ್ಲಿಯೂ ಮೊಳೆತಿದೆ! 1937ರಲ್ಲಿ ಹಲವು ಕ್ಲಬ್ಬುಗಳ ಹುಡುಗರು ಕೂಡಿ ದಕ್ಷಿಣ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಕಟ್ಟಿ, ಮಾರನೆಯ ವರ್ಷ ಮ್ಯೂರಾಕಿನಲ್ಲಿ ತಮ್ಮ ಮೊದಲ ಕೂಟ ನಡೆಸಿದರು. ಯಾರ ಗಾಡಿ ಎಷ್ಟು ವೇಗ ಎಂಬುದನ್ನು ಗಡಿಯಾರ ಹಿಡಿದು ಅಳೆದು ಬರೆದಿಡುವುದು ಅವರ ಕೆಲಸ. ಬಹುಮಾನದ ಹಣವಿಲ್ಲ, ಪುಸ್ತಕದಲ್ಲಿ ಒಂದು ಅಂಕಿ. ಮುಂದೆ ಮ್ಯೂರಾಕ್ ವಾಯುಸೇನೆಯ ಪಾಲಾಗಿ ಎಡ್ವರ್ಡ್ಸ್ ವಿಮಾನನೆಲೆಯಾಯಿತು. ಹುಡುಗರು ಎಲ್ ಮಿರಾಜ್ ಎಂಬ ಇನ್ನೊಂದು ಒಣಕೆರೆಗೆ ಹೋದರು. 1949ರಿಂದ ಯೂಟಾ ಸಂಸ್ಥಾನದ ಬಾನ್‌ವಿಲ್ ಉಪ್ಪುಬಯಲಿಗೂ ಹೋದರು.

ಇವರ ಕೈಗೆ ಸಿಕ್ಕ ವರವೆಂದರೆ 1932ರ ಫೋರ್ಡ್ ಎಂಜಿನ್. ವಿ ಆಕಾರದಲ್ಲಿ ನಾಲ್ಕು ನಾಲ್ಕಾಗಿ ಎಂಟು ಸಿಲಿಂಡರು, 221 ಘನ ಅಂಗುಲ, ಅರುವತ್ತೈದು ಅಶ್ವಶಕ್ತಿ. ಎಂಟು ಸಿಲಿಂಡರು ಅದುವರೆಗೆ ಸಿರಿವಂತರ ಸೊತ್ತಾಗಿತ್ತು. ಫೋರ್ಡ್ ಅದನ್ನು ಒಂದೇ ಎರಕದಲ್ಲಿ ಹೊಯ್ದು ಸಾಮಾನ್ಯರ ಗಾಡಿಯಲ್ಲಿಟ್ಟ. ಇದರ ಕವಾಟಗಳು ಸಿಲಿಂಡರಿನ ತಲೆಯ ಮೇಲಿರದೆ ಪಕ್ಕದಲ್ಲಿ, ಎರಕದ ಒಡಲೊಳಗೇ ಇರುವುದರಿಂದ ಮೇಲಿನ ಮುಚ್ಚಳ ಚಪ್ಪಟೆ. ಆದ್ದರಿಂದ ‘ಫ್ಲ್ಯಾಟ್‌ಹೆಡ್’ ಎಂದು ಅಡ್ಡಹೆಸರು. ಇದರ ದೋಷವೂ ಅಲ್ಲಿಯೇ ಇದೆ. ಉರಿದ ಹೊಗೆ ಹೊರಬೀಳಲು ತಂಪುನೀರು ಸುತ್ತಾಡುವ ಆ ಒಡಲನ್ನೇ ಹಾದುಹೋಗಬೇಕು. ನೀರು ಕುದಿಯುತ್ತದೆ, ಎರಕ ಬಿರಿಯುತ್ತದೆ. ನಮ್ಮ ದೊಡ್ಡಪ್ಪನ ಎಂಜಿನ್ ಕೂಡ, ಕವಾಟದ ಪೀಠದಿಂದ ಸಿಲಿಂಡರಿನ ಅಂಚಿನವರೆಗೆ, ಕೂದಲೆಳೆಯಷ್ಟು ಬಿರಿದಿತ್ತು.

ಯುದ್ಧದ ವರ್ಷಗಳಲ್ಲಿ ಈ ಹುಡುಗರೆಲ್ಲ ಸೈನ್ಯಕ್ಕೆ ಹೋದರು. ಆಗ ವೀಡಾ ಆರ್ ಎಂಬ ಮಹಿಳೆ, ತಾನೂ ಒಣಕೆರೆಯಲ್ಲಿ ಗಾಡಿ ಓಡಿಸಿದವಳು, ಕ್ಲಬ್ಬಿನ ಸುದ್ದಿಪತ್ರವನ್ನು ಅಚ್ಚುಹಾಕಿಸಿ ದೂರದ ರಣರಂಗಗಳಲ್ಲಿದ್ದ ಸದಸ್ಯರಿಗೆ ಕಳುಹಿಸುತ್ತಿದ್ದಳು. ಹಾಟ್ ರಾಡಿನ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಸೆಳೆದ ಮೊದಲ ವ್ಯಕ್ತಿ ಈಕೆಯೇ. ಮರಳಿ ಬಂದವರು ಸೈನ್ಯದಲ್ಲಿ ಯಂತ್ರವಿದ್ಯೆ ಕಲಿತು ಬಂದಿದ್ದರು. 1946ರಲ್ಲಿ ಬಿಲ್ ಬರ್ಕ್ ಎಂಬವನು ಯುದ್ಧವಿಮಾನದ ಹೊಟ್ಟೆಯಡಿಯಲ್ಲಿ ನೇತುಹಾಕುವ ಪೆಟ್ರೋಲು ಪೀಪಾಯಿಯನ್ನೇ ಕಾರಿನ ಒಡಲಾಗಿ ಮಾಡಿಕೊಂಡ! ಇತ್ತ ಊರಿನ ಬೀದಿಗಳಲ್ಲಿ ಪುಂಡಾಟ, ಅಪಘಾತ, ಪತ್ರಿಕೆಗಳಲ್ಲಿ ಛೀಮಾರಿ. ಆ ಕೆಟ್ಟ ಹೆಸರನ್ನು ತೊಳೆಯಲೆಂದೇ 1948ರ ಜನವರಿಯಲ್ಲಿ ಲಾಸ್ ಏಂಜಲಿಸಿನಲ್ಲಿ ಒಂದು ಪ್ರದರ್ಶನ ನಡೆಸಿದರು. ರಾಬರ್ಟ್ ಪೀಟರ್ಸನ್ ಎಂಬ ತರುಣ ‘ಹಾಟ್ ರಾಡ್’ ಮಾಸಪತ್ರಿಕೆಯ ಮೊದಲ ಸಂಚಿಕೆಯನ್ನು ಇಪ್ಪತ್ತೈದು ಸೆಂಟಿಗೊಂದರಂತೆ ಮಾರಿದ್ದು ಅಲ್ಲಿಯೇ. ಆ ಪತ್ರಿಕೆಯ ಸಂಪಾದಕನಾಗಿದ್ದ ವ್ಯಾಲಿ ಪಾರ್ಕ್ಸ್ 1951ರಲ್ಲಿ ರಾಷ್ಟ್ರೀಯ ಸಂಘವೊಂದನ್ನು ಕಟ್ಟಿ ಓಟವನ್ನು ಬೀದಿಯಿಂದ ಪಟ್ಟಿಗೆ ತಂದ. ಒಂದು ಕಾಲಕ್ಕೆ ಪೋಲೀಸರು ಅಟ್ಟಿಕೊಂಡು ಹೋಗುತ್ತಿದ್ದ ಗಾಡಿಗಳಿಗೆ 1997ರಲ್ಲಿ ಪೆಬಲ್ ಬೀಚಿನ ಸಿರಿವಂತರ ಕಾರುಮೇಳದಲ್ಲಿ ಮಣೆ ಹಾಕಿದರು. 2014ರಲ್ಲಿ ಅಮೆರಿಕದ ಅಂಚೆ ಇಲಾಖೆ 1932ರ ಫೋರ್ಡಿನ ಚಿತ್ರದ ಅಂಚೆಚೀಟಿ ಹೊರಡಿಸಿತು. ಬಂಡಾಯಕ್ಕೆ ಅಂಚೆಚೀಟಿಯ ಯೋಗ ಎಲ್ಲ ದೇಶಗಳಲ್ಲಿಯೂ ಉಂಟು.

ಈಗ ಷೆಡ್ಡಿಗೆ ಬರೋಣ. ದೊಡ್ಡಪ್ಪ ಒಂದು ನೋಟುಪುಸ್ತಕ ಬಿಟ್ಟುಹೋಗಿದ್ದರು. ಪೆನ್ಸಿಲಿನ ಬರಹ, ಅಲ್ಲಲ್ಲಿ ಚಿತ್ರ, ಬೆಲೆಗಳ ಪಟ್ಟಿ. 1958ರ ಪುಟದಲ್ಲಿ ಫ್ಲ್ಯಾಟ್‌ಹೆಡ್ ಎಂಜಿನ್ ಕೂರಿಸುವ ವಿವರವಿದೆ. 1961ರ ಪುಟದಲ್ಲಿ ಅದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಷೆವ್ರೊಲೆ ಎಂಜಿನ್ ಕೂರಿಸಬೇಕೆಂದು ಬರೆದಿದ್ದಾರೆ. 1955ರಲ್ಲಿ ಬಂದ ಷೆವ್ರೊಲೆಯ ಎಂಟು ಸಿಲಿಂಡರಿನ ಎಂಜಿನ್ ಹಗುರ, ಬಲಶಾಲಿ; ಆ ತಲೆಮಾರಿನವರು ಬಹುಮಂದಿ ಫ್ಲ್ಯಾಟ್‌ಹೆಡ್ಡನ್ನು ಬಿಟ್ಟು ಅದಕ್ಕೆ ಒಲಿದಿದ್ದರು. ಯಾವುದನ್ನು ಅನುಸರಿಸಬೇಕು? ಅಳಿಯ ನನ್ನ ಮುಂದೆ ಆ ಎರಡು ಪುಟಗಳನ್ನು ಬಿಡಿಸಿಟ್ಟು, “ಮಾವ, ನೀವು ಹಳೆಯ ಓಲೆಗಳನ್ನು ನೋಡಿ ಪಾಠ ನಿರ್ಣಯಿಸುವವರಂತೆ. ಇದನ್ನೂ ನಿರ್ಣಯಿಸಿ” ಎಂದ.

ನಾನು ಅಧ್ಯಾಪಕನ ಗತ್ತಿನಿಂದಲೇ ಹೇಳಿದೆ: ಕರ್ತೃ ತಾನೇ ತಿದ್ದಿದ್ದರೆ ತಿದ್ದಿದ ಪಾಠವೇ ಪ್ರಮಾಣ, ಅವನ ಕೊನೆಯ ಸಂಕಲ್ಪವನ್ನು ಸಂಪಾದಕ ಗೌರವಿಸಬೇಕು, ಷೆವ್ರೊಲೆಯನ್ನೇ ಕೂರಿಸು. ಅಳಿಯ ಒಪ್ಪಿದ. ಹಳೆಯ ಎಂಜಿನ್ ಮಾರಲು ಗಿರಾಕಿಯನ್ನೂ ಗೊತ್ತುಮಾಡಿದ.

ಆ ಭಾನುವಾರ ದೊಡ್ಡಮ್ಮ ಊಟಕ್ಕೆ ಬಂದರು. ಎಂಬತ್ತು ದಾಟಿದ ಮುದುಕಿ, ಕಿವಿ ಮಂದ, ಮಾತು ಚುರುಕು. ಎಂಜಿನ್ ಮಾರುವ ಸುದ್ದಿ ಕೇಳಿ ಚಮಚ ಕೆಳಗಿಟ್ಟರು. “ಆ ಪುಟ ಬರೆದ ರಾತ್ರಿ ನನಗೆ ಗೊತ್ತು. ಎಂಜಿನ್ ಬಿರಿದಿತ್ತು. ಸರಿಮಾಡಿಸಲು ಹಣವಿರಲಿಲ್ಲ. ಹಣವಿಲ್ಲವೆಂದು ಬರೆಯಲು ನಾಚಿ ಷೆವ್ರೊಲೆ ಎಂದು ಬರೆದರು. ಹಣವೇ ಇಲ್ಲದವರು ಷೆವ್ರೊಲೆಯನ್ನು ಎಲ್ಲಿಂದ ತರುತ್ತಿದ್ದರು? ಬೀದಿಯಲ್ಲಿ ಫ್ಲ್ಯಾಟ್‌ಹೆಡ್ಡಿನ ಸದ್ದು ಕೇಳಿದರೆ ಸಾಯುವ ವರ್ಷದವರೆಗೂ ಎದ್ದು ಕಿಟಕಿಗೆ ಹೋಗುತ್ತಿದ್ದರು” ಎಂದರು. ನಾನು ತಟ್ಟೆಯನ್ನು ನೋಡುತ್ತ ಕುಳಿತೆ. ಮೂವತ್ತು ವರ್ಷ ಗ್ರಂಥಸಂಪಾದನೆಯ ಸೂತ್ರಗಳನ್ನು ಬೋಧಿಸಿದವನಿಗೆ, ಬರೆದವನ ಕಿಸೆಯನ್ನು ವಿಚಾರಿಸಬೇಕೆಂಬುದು ಹೊಳೆದಿರಲಿಲ್ಲ.

ನನಗೆ ಇರಿದದ್ದು ಅಷ್ಟೇ ಅಲ್ಲ. ನನ್ನ ಸೋದರಮಾವ ಎರಡು ಓಲೆಪ್ರತಿಗಳನ್ನು ಆಧರಿಸಿ ಒಂದು ಚಂಪೂಕಾವ್ಯವನ್ನು ಸಂಪಾದಿಸುತ್ತಿದ್ದರು. ಮೂರು ಆಶ್ವಾಸಗಳಾಗಿದ್ದವು, 1989ರಲ್ಲಿ ತೀರಿಕೊಂಡರು. ಅತ್ತೆ ಆ ಕಟ್ಟನ್ನು ನನಗೆ ಕೊಟ್ಟು, “ನೀನು ಕನ್ನಡ ಎಂ.ಎ., ನೀನೇ ಮುಗಿಸು” ಎಂದರು. ವರ್ಷಕ್ಕೊಮ್ಮೆ ಹುಳ ಬೀಳದಂತೆ ಬಿಸಿಲಿಗೆ ಹಾಕಿದ್ದುಂಟು, ಬಿಚ್ಚಿ ಓದಿದ್ದಿಲ್ಲ. ಮೊದಲು ಪಾಠದ ಕೆಲಸ, ಆಮೇಲೆ ಪರೀಕ್ಷೆಯ ಕೆಲಸ, ಆಮೇಲೆ ವಿಭಾಗದ ಕೆಲಸ. ಅತ್ತೆಯೂ ಹೋದರು.

ಅಳಿಯ ಗಿರಾಕಿಗೆ ಬೇಡವೆಂದು ಹೇಳಿದ. ಪಕ್ಕದ ಊರಿನಲ್ಲಿ ಬಿರಿದ ಎರಕವನ್ನು ಹೊಲಿಯುವ ಒಬ್ಬ ಮುದುಕ ಸಿಕ್ಕಿದ. ಹೊಲಿಯುವುದು ಎಂದದ್ದು ಅಲಂಕಾರಕ್ಕಲ್ಲ. ಬಿರುಕಿನ ಉದ್ದಕ್ಕೂ ಸಣ್ಣ ತೂತು ಕೊರೆದು, ಮರೆ ಕೊಯ್ದು, ಲೋಹದ ತಿರುಪುಕಡ್ಡಿಯನ್ನು ಬಿಗಿದು ತಲೆ ಕತ್ತರಿಸುತ್ತಾರೆ. ಮುಂದಿನ ತೂತು ಹಿಂದಿನ ಕಡ್ಡಿಯ ಅಂಚನ್ನು ಸ್ವಲ್ಪ ತಿನ್ನುವಂತೆ ಕೊರೆಯುತ್ತಾರೆ. ಹೀಗೆ ಒಂದಕ್ಕೊಂದು ಕಚ್ಚಿಕೊಂಡ ಕಡ್ಡಿಗಳ ಸಾಲೇ ಹೊಲಿಗೆ. ಇದರಲ್ಲಿ ಬೆಂಕಿಯಿಲ್ಲ, ಬೆಸುಗೆಯಿಲ್ಲ. ಕಾಯಿಸಿದರೆ ಹಳೆಯ ಎರಕ ಮತ್ತೊಂದು ಕಡೆ ಬಿರಿಯುತ್ತದಂತೆ. ಐದು ವಾರ ಹಿಡಿಯಿತು.

ಉಳಿದ ವಿಷಯಗಳಲ್ಲಿ ಅಳಿಯ ನನ್ನನ್ನು ಕೇಳಲಿಲ್ಲ, ಒಳ್ಳೆಯದೇ ಆಯಿತು. ‘ಮಾಡೆಲ್ ಎ’ ಗಾಡಿಯ ಬ್ರೇಕುಗಳು ಸರಳಿನಿಂದ ಎಳೆಯುವಂಥವು. ಫೋರ್ಡ್ ದ್ರವದ ಬ್ರೇಕುಗಳನ್ನು ತಂದದ್ದು 1939ರಲ್ಲಿ. ದೊಡ್ಡಪ್ಪ ಅವನ್ನು ಆಗಲೇ ಕೊಂಡು ಎಣ್ಣೆಕಾಗದದಲ್ಲಿ ಸುತ್ತಿಟ್ಟಿದ್ದರು. ಅವರ ವೆಲ್ಡಿಂಗು ಸೊಟ್ಟಗಿತ್ತು. ಭಾರ ಹೊರುವ ಕಡೆ ಅಳಿಯ ಅದನ್ನು ಕೊಯ್ದು ಹೊಸದಾಗಿ ಬೆಸೆದ; ಭಾರವಿಲ್ಲದ ಕಡೆ ಸೊಟ್ಟಗಿರುವುದನ್ನು ಹಾಗೆಯೇ ಉಳಿಸಿದ. ಸೀಟುಬೆಲ್ಟು ಮಾತ್ರ ನೋಟುಪುಸ್ತಕದಲ್ಲಿಲ್ಲದ ಪ್ರಕ್ಷಿಪ್ತ. ಬಣ್ಣ ಹಚ್ಚಲಿಲ್ಲ, ಬೂದುಬಣ್ಣದ ಅಸ್ತರಿನಲ್ಲೇ ಬಿಟ್ಟ. ಟಾಮ್ ವುಲ್ಫ್ ಎಂಬ ಲೇಖಕ 1963ರಲ್ಲಿ ಇಂಥ ಗಾಡಿಗಳ ಮೇಲೆ ‘ಎಸ್ಕ್ವೈರ್’ ಪತ್ರಿಕೆಗೆ ಲೇಖನ ಬರೆಯಲಾರದೆ, ಟಿಪ್ಪಣಿಗಳನ್ನೇ ಕಾಗದದ ರೂಪದಲ್ಲಿ ಸಂಪಾದಕರಿಗೆ ಕಳುಹಿಸಿದನಂತೆ. ಅವರು ಮೇಲಿನ ಸಂಬೋಧನೆಯನ್ನು ತೆಗೆದು ಉಳಿದುದನ್ನು ಇದ್ದಂತೆಯೇ ಅಚ್ಚುಹಾಕಿದರು. ಅಮೆರಿಕದ ಗದ್ಯಕ್ಕೆ ಹೊಸ ದಾರಿ ತೆರೆದ ಬರಹಗಳಲ್ಲಿ ಅದೂ ಒಂದೆಂದು ಈಗ ಎಣಿಸುತ್ತಾರೆ. ಬೂದುಬಣ್ಣದ ಆ ಗಾಡಿಯನ್ನು ನೋಡುವಾಗ ನನಗೆ ಆ ಸಂಪಾದಕರ ನೆನಪಾಗುತ್ತಿತ್ತು.

ಸೆಪ್ಟೆಂಬರಿನ ಒಂದು ಬೆಳಗ್ಗೆ ಗಾಡಿ ಹೊರಟಿತು. ದೊಡ್ಡಮ್ಮ ಮುಂದೆ ಕುಳಿತರು. ನಾನೂ ಮಗಳೂ ಇನ್ನೊಂದು ಕಾರಿನಲ್ಲಿ ಹಿಂಬಾಲಿಸಿದೆವು. ನಾಲ್ಕು ಮೈಲಿಯಾಗುವಷ್ಟರಲ್ಲಿ ರೇಡಿಯೇಟರು ಕುದಿಯಿತು! ಅಳಿಯ ಗಾಬರಿಯಿಂದ ಹೊಲಿಗೆಯನ್ನು ಪರೀಕ್ಷಿಸಿದ, ಅದು ಗಟ್ಟಿಯಾಗಿತ್ತು. ಕುದಿಯುವುದು ಆ ಎಂಜಿನ್ನಿನ ಹುಟ್ಟುಗುಣ. ರಸ್ತೆಯ ಪಕ್ಕದ ಮೋಟುಗೋಡೆಯ ಮೇಲೆ ದೊಡ್ಡಮ್ಮನ ಜೊತೆ ನಾನೂ ಕುಳಿತೆ. ಗಾಡಿ ಆರಲು ಮುಕ್ಕಾಲು ಗಂಟೆ ಬೇಕಾಯಿತು. “1958ರಲ್ಲಿಯೂ ನಾವು ಹೀಗೆಯೇ ಕಾದಿದ್ದೆವು” ಎಂದರು ಆಕೆ. ಮತ್ತೆ ಏನೂ ಹೇಳಲಿಲ್ಲ.

ಅಕ್ಟೋಬರಿನಲ್ಲಿ ಮೈಸೂರಿಗೆ ಮರಳಿದ ಮೇಲೆ ಸೋದರಮಾವನ ಕಟ್ಟನ್ನು ಬಿಚ್ಚಿದೆ. ಮೂರನೆಯ ಆಶ್ವಾಸದ ಕೊನೆಯ ಪದ್ಯಕ್ಕೆ ಅವರು ಎರಡು ಪಾಠಗಳನ್ನು ಬರೆದು, ಒಂದನ್ನು ಕೆಂಪು ಮಸಿಯಲ್ಲಿ ಹೊಡೆದುಹಾಕಿದ್ದಾರೆ. ಹೊಡೆದುಹಾಕಿದ್ದೇ ಛಂದಸ್ಸಿಗೂ ಅರ್ಥಕ್ಕೂ ಹೊಂದುವಂತೆ ಕಾಣುತ್ತದೆ. ಏಕೆ ಹೊಡೆದರೆಂದು ಕೇಳಲು ಅತ್ತೆಯಿಲ್ಲ. ಎರಡನ್ನೂ ಬಿಳಿಯ ಹಾಳೆಯ ಮೇಲೆ ಬರೆದುಕೊಂಡು, ನಾಲ್ಕನೆಯ ಆಶ್ವಾಸದ ಮೊದಲ ಓಲೆಯ ಪ್ರತಿ ತೆಗೆದಿದ್ದೇನೆ.